ಕಾಳಿ ಏನು ತಿನ್ನುತ್ತಿತ್ತು?

ನಮ್ಮೂರ ಮನೆಯ ಹಿತ್ತಲ ಬಾಗಿಲ ಪಕ್ಕ ಬಿರುಕು ಬಿಟ್ಟ ಒಂದು ಒರಳುಕಲ್ಲಿತ್ತು. ರುಬ್ಬುವುದಕ್ಕೆ ಬಾರದಂತಾದ ಮೇಲೆ ಅದು ಕರಿಯನ ತಟ್ಟೆಯಾಯಿತು. ಮದ್ದೂರು ಕಡೆಯ ಮನೆಗಳಲ್ಲಿ ರಾತ್ರಿ ಹಿಟ್ಟು ತೊಳೆಸಿ ಮುದ್ದೆ ಕಟ್ಟುವಾಗ ಮನೆಮಂದಿಯ ಲೆಕ್ಕದ ಮೇಲೆ ಇನ್ನೊಂದು ಮುದ್ದೆ ಇರುತ್ತಿತ್ತು. ತಪ್ಪಲೆಯ ತಳ ಕೆರೆದು ಮಾಡಿದ್ದರಿಂದ ಉಳಿದವುಗಳಿಗಿಂತ ಚಿಕ್ಕದು, ಒಂಚೂರು ಸೀದದ್ದು. ಅಜ್ಜಿ ಅದನ್ನು ಆರಿಸಿ, ಮುರಿದು, ಸಾರಿನ ತಿಳಿ ಹುಯ್ದು ಒರಳಿಗೆ ಹಾಕುತ್ತಿದ್ದಳು. ನಾನು ಅವಸರ ಮಾಡಿದರೆ ಒಂದೇ ಮಾತು: "ತಾಳು ಮಗ, ಅದುಕ್ಕಿಕ್ಬುಟ್ಟು ನಿಂಗಿಕ್ತೀನಿ. ಅದು ಕೇಳಕಾದದಾ?"

ಈ ಮಾತು ಬಹಳ ವರ್ಷಗಳ ಮೇಲೆ ನೆನಪಾಗಿದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಅತಕೂರಿನ ಕಲ್ಲಿನ ಮುಂದೆ. ನನ್ನ ಪಿಎಚ್.ಡಿ. ಕೆಲಸ ದಾನಶಾಸನಗಳಲ್ಲಿ ಬರುವ ಭೂಮಿಯ ಅಳತೆಗಳ ಮೇಲೆ. ಖಂಡುಗ, ಕೊಳಗ, ಮತ್ತರು, ಕಮ್ಮಗಳ ನಡುವೆ ನಾಲ್ಕು ವರ್ಷ ಕಳೆದಿದ್ದೇನೆ. ಆ ದಿನವೂ ನೋಡಲು ಹೋಗಿದ್ದು ಆ ಕಲ್ಲಿನಲ್ಲಿ ಬರುವ 'ಇರ್ಖಂಡುಗ' ಭೂಮಿಯನ್ನು. ಕಣ್ಣು ನಿಂತಿದ್ದು ಕಲ್ಲಿನ ಮೇಲೆ ಕೆತ್ತಿದ ನಾಯಿ ಮತ್ತು ಹಂದಿಯ ಮೇಲೆ. ಎರಡೂ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ಸಾವಿರ ವರ್ಷದ ಮಳೆಬಿಸಿಲಿಗೆ ಅಂಚುಗಳು ಸವೆದಿದ್ದರೂ ನಾಯಿಯ ಬೆನ್ನಿನ ಬಿಗಿ ಹೋಗಿಲ್ಲ.

ಅತಕೂರು ಮದ್ದೂರು ತಾಲ್ಲೂಕಿನ ಊರು. ಶಾಸನ ಶಕ 872ರದು, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಕಾಳಗದ ವಿವರ ಇದರಲ್ಲಿದೆ. ಹಾಗಾಗಿ ದಕ್ಷಿಣದ ರಾಜಕೀಯ ಚರಿತ್ರೆ ಬರೆದವರೆಲ್ಲ ಈ ಕಲ್ಲನ್ನು ಮುಟ್ಟಿಯೇ ಮುಂದೆ ಹೋಗಿದ್ದಾರೆ. ಕಲ್ಲು ನೆಟ್ಟ ಕಾರಣ ಮಾತ್ರ ಬೇರೆ. ಬೂತುಗನ ಕಡೆಯ ವೀರ ಮಣಲೇರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ಬೂತುಗ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ದಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಅತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು.

ನಾಯಿಯ ಹೆಸರಿನಲ್ಲಿ ನೀರಾವರಿ ಜಮೀನು! ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಸಭೆ ನಕ್ಕಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಕಟ್ಟಲೆ. ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎನ್ನುತ್ತದೆ ಅದು. ಶಾಪಾಶಯಗಳಲ್ಲಿ ಕವಿಲೆಯನ್ನೋ ಬ್ರಾಹ್ಮಣನನ್ನೋ ಕೊಂದ ಪಾಪದ ಮಾತು ನೂರಾರು ಸಲ ಓದಿದ್ದೇನೆ. ನಾಯಿಯ ಪಾಪ ಓದಿದ್ದು ಇಲ್ಲೇ. ಬೇಟೆಯಲ್ಲಿ ಹಂದಿಗಳನ್ನು ಕೊಂದದ್ದರ ಪಾಪ ಇರಬೇಕು. ಅದಿರಲಿ, ಮೊದಲು ನಾಯಿಗೆ, ಆಮೇಲೆ ನಿನಗೆ ಎಂಬ ಕ್ರಮ ನಮ್ಮ ಹಿತ್ತಲ ಬಾಗಿಲಿನದೇ ಅಲ್ಲವೆ? ವ್ಯತ್ಯಾಸ ಒಂದೇ. ಗೊರವ ಇಡುತ್ತಿದ್ದುದು ಸತ್ತ ನಾಯಿಯ ಕಲ್ಲಿಗೆ, ಅಜ್ಜಿ ಇಡುತ್ತಿದ್ದುದು ಬದುಕಿದ್ದ ನಾಯಿಗೆ.

(ಗೊರವ ಅಂದಕೂಡಲೇ ಮೈಲಾರಲಿಂಗನ ಗೊರವಯ್ಯಗಳು ನೆನಪಾಗುತ್ತಾರೆ. ಕರಡಿ ತುಪ್ಪಳದ ಟೋಪಿ, ಡಮರುಗ. ಬಾಳೆಹಣ್ಣು, ಹಾಲು, ತುಪ್ಪ ಕಲಸಿದ ದೋಣಿಗೆ ಕೈ ಮುಟ್ಟಿಸದೆ ಬಾಯಿ ಹಾಕಿ, ದೇವರ ನಾಯಿಗಳಂತೆ ಬೊಗಳುತ್ತ ತಿನ್ನುವ ದೋಣಿಸೇವೆ. ಹತ್ತನೆಯ ಶತಮಾನದ ಗೊರವ ಶೈವ ಪೂಜಾರಿ ಎಂಬಷ್ಟು ಅರ್ಥದವನು. ಇಬ್ಬರನ್ನೂ ಗಂಟು ಹಾಕಿದರೆ ನನ್ನ ಮಾರ್ಗದರ್ಶಕರು ಬಿಡುವುದಿಲ್ಲ. ಹಾಗಾಗಿ ಆವರಣದೊಳಗೇ ಇಟ್ಟಿದ್ದೇನೆ.)

ಕಾಳಿಯ ಒಡೆಯ ಯಾರು, ಅದು ಯಾವ ಮೊರಡಿಯಲ್ಲಿ ಸತ್ತಿತು, ಅದರ ಕಲ್ಲಿಗೆ ಬಿಟ್ಟ ಭೂಮಿ ಎಷ್ಟು, ಎಲ್ಲವೂ ಗೊತ್ತು. ಬದುಕಿದ್ದಾಗ ಅದಕ್ಕೆ ದಿನಾ ಯಾರು ಏನಿಕ್ಕುತ್ತಿದ್ದರು ಎಂಬುದು ಕಲ್ಲಿನಲ್ಲಿಲ್ಲ. ಮುಂದೆ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆಸಿದಾಗ ನಾಯಿಗಳಿಗೂ ಒಂದು ಅಧ್ಯಾಯ ಸಿಕ್ಕಿತು, 'ಸಾರಮೇಯ ವಿನೋದ'. ರಾಜನ ಊಟ ಬರುವುದು ಉಪಭೋಗದಲ್ಲಿ, ನಾಯಿ ಬರುವುದು ವಿನೋದದಲ್ಲಿ. ನಾಯಿ ಚರಿತ್ರೆಯೊಳಗೆ ಬರಲು ಇದ್ದ ಬಾಗಿಲು ಬೇಟೆ. ಕಾಡುಹಂದಿಯ ಮೇಲೆ ಬೀಳದ, ರಾತ್ರಿಯೆಲ್ಲ ಕಣ ಕಾಯುವ ನಾಯಿಗೆ ಕಲ್ಲೂ ಇಲ್ಲ, ಅಧ್ಯಾಯವೂ ಇಲ್ಲ.

ಹಾಗಾದರೆ ನಾಯಿಗೆಂದೇ ಮಾಡಿದ, ಅಂಗಡಿಯಲ್ಲಿ ಮಾರುವ ಆಹಾರ ಯಾವಾಗ ಬಂತು? ಇದನ್ನು ಹುಡುಕುತ್ತ ಹೋದರೆ 1860ರ ಸುಮಾರಿನ ಲಂಡನ್ನಿಗೆ ಹೋಗಿ ನಿಲ್ಲುತ್ತೇವೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಸಿಡಿಲುವಾಹಕ ಮಾರಲು ಬಂದವನು. ಹಡಗುಕಟ್ಟೆಯಲ್ಲಿ ನಾವಿಕರು ಬಿಸುಟ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಮುಕ್ಕುತ್ತಿದ್ದುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತೆಂದು ಕತೆ. ಗೋಧಿ, ತರಕಾರಿ, ಬೀಟ್‌ರೂಟು, ಒಣಗಿಸಿದ ಮಾಂಸ ಸೇರಿಸಿ ಅವನು ನಾಯಿ ಬಿಸ್ಕತ್ತು ಮಾಡಿದ. ಕೊಂಡವರು ಬೇಟೆನಾಯಿ ಸಾಕುತ್ತಿದ್ದ ಸಿರಿವಂತರು.

ಅದೇ ಹೊತ್ತಿನಲ್ಲಿ ಇನ್ನೊಂದು ನಡೆಯಿತು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲ ನಾಯಿ ಪ್ರದರ್ಶನವಾಯಿತು. ಪಾಯಿಂಟರ್, ಸೆಟ್ಟರ್ ಎಂಬ ಎರಡು ಬಗೆಯ ಬೇಟೆನಾಯಿಗಳಿಗೆ ಮಾತ್ರ ಪ್ರವೇಶ. ಗೆದ್ದವರಿಗೆ ಬಹುಮಾನ ಬಂದೂಕು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾಗಿ ನಾಯಿಗಳ ವಂಶಾವಳಿ ದಾಖಲಾಗತೊಡಗಿತು. ಸ್ಪ್ರಾಟ್ ಕಂಪನಿಗೆ ಹುಡುಗನಾಗಿ ಕೆಲಸಕ್ಕೆ ಸೇರಿದ್ದ ಚಾರ್ಲ್ಸ್ ಕ್ರಫ್ಟ್ ಬಿಸ್ಕತ್ತು ಮಾರುತ್ತ ಮಾರುತ್ತ ನಾಯಿ ಪ್ರದರ್ಶನಗಳ ವ್ಯವಸ್ಥಾಪಕನಾದ. 1891ರಲ್ಲಿ ತನ್ನದೇ ಹೆಸರಿನ ಪ್ರದರ್ಶನ ಇಟ್ಟ. ಇವತ್ತಿಗೂ ಜಗತ್ತಿನ ಅತಿ ಹೆಸರುವಾಸಿ ನಾಯಿ ಪ್ರದರ್ಶನ ಅದೇ.

ನನಗೆ ಮುಖ್ಯವಾಗಿ ಕಂಡದ್ದು ಇದು: ಪುಸ್ತಕದಲ್ಲಿ ದಾಖಲಾದ 'ತಳಿ' ಮತ್ತು ಪೊಟ್ಟಣದಲ್ಲಿ ಸಿಗುವ 'ನಾಯಿ ಆಹಾರ' ಒಂದೇ ಮನೆಯ ಮಕ್ಕಳು. ಬೇಟೆಗೆ, ಕುರಿ ಕಾಯಲು, ಮನೆ ಕಾಯಲು ಬೇರೆ ಬೇರೆ ಬಗೆಯ ನಾಯಿಗಳು ಹಿಂದೆಯೂ ಇದ್ದವು. ಕಿವಿ ಇಷ್ಟುದ್ದ, ಬಾಲ ಹೀಗೆ ಬಾಗಿರಬೇಕು, ಅಪ್ಪ-ಅಮ್ಮನ ಹೆಸರು ಪುಸ್ತಕದಲ್ಲಿರಬೇಕು ಎಂಬ ಕಟ್ಟು ಬಂದದ್ದು ಈ ಕಾಲದಲ್ಲಿ. ಮನೆಯ ಎಂಜಲು ತಿನ್ನುವ ನಾಯಿಗೆ ವಂಶಾವಳಿ ಬೇಕಿಲ್ಲ. ವಂಶಾವಳಿ ಇರುವ ನಾಯಿಗೆ ಎಂಜಲು ಇಕ್ಕುವುದು ಅವಮಾನ. ಆ ನಡುವಿನ ಜಾಗದಲ್ಲಿ ಬಿಸ್ಕತ್ತು ಬಂದು ಕೂತಿತು.

ಈ ಪುಸ್ತಕದ ನೆರಳು ನಮ್ಮ ಕಡೆಗೂ ಬಂತು. ಬಾಗಲಕೋಟೆ ಜಿಲ್ಲೆಯ ಮುಧೋಳ ಆಗ ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆ ಈ ತೆಳು ಸೊಂಟದ, ಉದ್ದ ಮೂತಿಯ ನಾಯಿಗಳನ್ನು ಆರಿಸಿ ಬೆಳೆಸಿದರು. ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ ಮೇಲೆ 'ಮುಧೋಳ ಹೌಂಡ್' ಎಂಬ ಹೆಸರು ನಿಂತಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದೇ ನಾಯಿ ಕಾರವಾನಿ. ಇಂದಿಗೂ ಒಂದು ಕೆನಲ್ ಕ್ಲಬ್ಬಿನ ಪುಸ್ತಕದಲ್ಲಿ ಇದು ಕ್ಯಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್. ನಾಯಿಗೆ ಎರಡರ ಪರಿವೆಯೂ ಇಲ್ಲ.

ರಾಜರು ಈ ನಾಯಿಗಳನ್ನು ಮೊದಲು ಕಂಡದ್ದು ಬೇಡರ ಬಳಿ ಎಂಬ ಮಾತು ಆ ಸೀಮೆಯಲ್ಲಿದೆ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಗೊತ್ತಲ್ಲ, 1857ರಲ್ಲಿ ಹತಾರ ಒಪ್ಪಿಸಿ ಎಂದ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದು ಊರೇ ಸುಟ್ಟುಹೋದವರು. ಅವರ ಲಾವಣಿಯನ್ನು ಅಚ್ಚು ಹಾಕಿಸಿದ್ದು ಜೆ.ಎಫ್. ಫ್ಲೀಟ್. ಅತಕೂರಿನ ಶಾಸನವನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದ್ದೂ ಅದೇ ಫ್ಲೀಟ್. ಒಬ್ಬನೇ ಅಧಿಕಾರಿಯ ಮೇಜಿನ ಮೇಲೆ ಕಾಳಿಯೂ ಹಲಗಲಿಯ ಬೇಡರೂ ಹಾದುಹೋಗಿದ್ದಾರೆ. ಬೇಟೆಗಾರರ ಕೈಯಿಂದ ಹತಾರ ಹೋಯಿತು; ನಾಯಿಗೆ ಅರಮನೆಯ ಹೆಸರು ಬಂತು; ಆ ಹೆಸರಿನಲ್ಲಿ ಬೇಡರು ಎಲ್ಲೂ ಉಳಿಯಲಿಲ್ಲ.

ಎರಡು ವರ್ಷದ ಹಿಂದೆ ಶಾಸನಗಳ ಕೆಲಸಕ್ಕೆಂದೇ ಮುಧೋಳದ ಕಡೆ ಹೋಗಿದ್ದೆ. ಅದು ರನ್ನನ ಮುದುವೊಳಲೂ ಹೌದು. ಅವನು ಹುಟ್ಟಿದ್ದು 949ರಲ್ಲಿ ಎನ್ನುತ್ತಾರೆ, ಹೆಚ್ಚುಕಡಿಮೆ ಕಾಳಿಯ ಕಲ್ಲು ನಿಂತ ವರ್ಷ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿ ಕಾಪಾಡುವ, ಮರಿಗಳನ್ನು ಸಾಕುವವರಿಗೆ ಕೊಡುವ ಕೆಲಸ ಅಲ್ಲಿ ನಡೆಯುತ್ತದೆ. ಹತ್ತಿರದ ಹಳ್ಳಿಯೊಂದರಲ್ಲಿ ಮನೆತುಂಬ ನಾಯಿ ಸಾಕಿರುವ ಹಿರಿಯರೊಬ್ಬರ ಜೊತೆ ಮಾತಿಗೆ ಕೂತೆ. ಕಣ್ಣಳತೆಯಲ್ಲೇ ಮರಿಯ ಎದೆಯಾಳ, ಕಾಲಿನ ಉದ್ದ ಹೇಳುವವರು.

"ಏನು ಹಾಕ್ತೀರಿ ಕಾಕಾ ಇವಕ್ಕೆ?"

"ಏನ್ ಹಾಕೂದವ್ವ, ನಾವು ಉಂಡದ್ದು. ಜ್ವಾಳದ ನುಚ್ಚು, ರೊಟ್ಟಿ, ಹಾಲು. ವಾರಕ್ಕೊಮ್ಮಿ ತತ್ತಿ. ಹೊಟ್ಟಿ ತುಂಬ ಹಾಕಂಗಿಲ್ಲ ಮತ್ತ. ಹೊಟ್ಟಿ ಬಂದ್ರ ಓಡ್ತೈತೇನು?"

ಬೆಂಗಳೂರು, ಪುಣೆಯಿಂದ ಮರಿ ಕೊಳ್ಳಲು ಬರುವವರ ವಿಷಯಕ್ಕೆ ಅವರ ದನಿ ಇಳಿಯಿತು. "ಒಯ್ತಾರ, ಕಟ್ಟಿ ಹಾಕ್ತಾರ. ಒಂದ್ ವರ್ಷಕ್ಕ ಫೋನ್ ಮಾಡ್ತಾರ, ಕಾಕಾ ಇದು ಸೋಫಾ ಹರಿತೈತಿ ಅಂತ. ನಾಯಿ ಓಡಾಕ ಹುಟ್ಟೈತ್ರಿ ಅಂತ ಒಯ್ಯಾಗ ಹೇಳಿರ್ತೀನಿ. ಯಾರು ಕೇಳ್ತಾರ?" 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು, ಆಮೇಲೆ ಸೇನೆಯೂ ತರಬೇತಿಗೆ ಮರಿಗಳನ್ನು ಒಯ್ದಿತು. ಹೆಸರು ದೊಡ್ಡದಾದಷ್ಟೂ ಬೇಡಿಕೆ ಏರಿತು. ಬೇಡಿಕೆ ತಳಿಯ ಹೆಸರಿಗೆ. ನುಚ್ಚು ಕುದಿಸುವ ಒಲೆಯ ಬಗ್ಗೆ, ದಿನಾ ಮೈಲಿಗಟ್ಟಲೆ ಓಡಿಸುವ ಹೊಲದ ಬಗ್ಗೆ ಕೊಳ್ಳುವವರು ಕೇಳುವುದೇ ಇಲ್ಲವಂತೆ.

ನುಚ್ಚು, ಮುದ್ದೆ ತಿಂದು ನಾಯಿ ಬದುಕಲು ಸಾಧ್ಯವೇ, ಅದು ಮಾಂಸಾಹಾರಿಯಲ್ಲವೆ ಎಂದು ಕೇಳುವವರಿದ್ದಾರೆ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿತು. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಬೇಸಾಯ ಮಾಡುವ ಮನುಷ್ಯನ ಪಕ್ಕ ಕೂತು ಅವನ ಕಾಳುಕಡಿ ತಿಂದೇ ನಾಯಿ ನಾಯಿಯಾಗಿದೆ. ಅಜ್ಜಿಯ ಒರಳುಕಲ್ಲಿನ ಚರಿತ್ರೆ ಯಾವ ಶಾಸನದಲ್ಲೂ ಸಿಗದಿದ್ದರೂ ಕರಿಯನ ಮೈಯೊಳಗೆ ಬರೆದಿತ್ತು.

ಹಾಗಂತ ಅಜ್ಜಿಯ ಕಾಲವೇ ಚೆನ್ನಾಗಿತ್ತು ಎಂದು ಹಾಡಲು ಹೊರಟಿಲ್ಲ. ಆ ಸಾರಿನಲ್ಲಿ ಈರುಳ್ಳಿ ಇರುತ್ತಿತ್ತು; ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬರೀ ಮುದ್ದೆಯಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಸಾಲುವುದಿಲ್ಲ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಹಬ್ಬದ ಮಾರನೆಯ ದಿನ ಊರಿನಲ್ಲಿ ಒಂದಾದರೂ ನಾಯಿ ಒದ್ದಾಡುತ್ತಿತ್ತು. ಉಣ್ಣಿ ಹತ್ತಿದರೆ ಹೊಂಗೆ ಎಣ್ಣೆ. ಕರಿಯನಿಗಿಂತ ಮುಂಚೆ ಇದ್ದ ನಾಯಿಯ ಹೆಸರೂ ಕರಿಯ, ಅದರ ಹಿಂದಿನದೂ ಕರಿಯ. ಎಷ್ಟು ಕರಿಯಗಳು ಎಷ್ಟೆಷ್ಟು ವರ್ಷ ಬದುಕಿದವು ಎಂದು ಯಾರಾದರೂ ಲೆಕ್ಕ ಇಟ್ಟಿದ್ದರೆ ಆ ಲೆಕ್ಕ ಓದಲು ಕಷ್ಟವಾಗುತ್ತಿತ್ತು.

ಔಷಧದ ಚರಿತ್ರೆಯೂ ನಾಯಿಯ ಬಳಿಗೆ ನೇರವಾಗಿ ಬರಲಿಲ್ಲ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಟರ್ ಹುಚ್ಚುನಾಯಿ ಕಡಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟ. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಸ್ಟರ್ ಸಂಸ್ಥೆಗಳು ಬಂದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರ ಹೊತ್ತಿಗೆ ಕುರಿಯ ಮೆದುಳಿನಿಂದ ಮಾಡಿದ ಲಸಿಕೆಯೇ ಹಳ್ಳಿಯವರ ಬಾಯಲ್ಲಿ 'ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ'. ನಮ್ಮ ತಾತ ಅದನ್ನು ಚುಚ್ಚಿಸಿಕೊಳ್ಳಲು ಹದಿನಾಲ್ಕು ದಿನ ಆಸ್ಪತ್ರೆಗೆ ನಡೆದಿದ್ದರು. ಹೊಟ್ಟೆ ತೋರಿಸಿ ಹೇಳುತ್ತಿದ್ದರು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2005ರ ಹೊತ್ತಿಗೆ, ಮುಧೋಳ ನಾಯಿ ಅಂಚೆಚೀಟಿಯಾದ ಕಾಲಕ್ಕೆ. ಇದೆಲ್ಲ ಮನುಷ್ಯನನ್ನು ನಾಯಿಯಿಂದ ಉಳಿಸುವ ಸೂಜಿ. ನಾಯಿಗಳಿಗೇ ಸಾಮೂಹಿಕವಾಗಿ ಹುಚ್ಚಿನ ಲಸಿಕೆ ಹಾಕಿ ರೋಗ ತಡೆಯುವ ಕೆಲಸ 1920ರ ದಶಕದಲ್ಲಿ ಜಪಾನಿನಲ್ಲಿ ಶುರುವಾಯಿತು.

ನಾಯಿಯ ಸ್ವಂತ ಕಾಯಿಲೆಗೆ ದುಡ್ಡು ಬಂದ ದಾರಿ ಇನ್ನೂ ವಿಚಿತ್ರ. ಡಿಸ್ಟೆಂಪರ್ ಎಂಬ ರೋಗ ಇಂಗ್ಲೆಂಡಿನಲ್ಲಿ ನರಿಬೇಟೆಯ ನಾಯಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿತ್ತು. 1923ರಲ್ಲಿ 'ದಿ ಫೀಲ್ಡ್' ಎಂಬ ಬೇಟೆ ಪತ್ರಿಕೆ ಚಂದಾ ಎತ್ತಿತು. ಆ ದುಡ್ಡಿನಲ್ಲಿ ಲೇಡ್‌ಲಾ ಮತ್ತು ಡಂಕಿನ್ ಎಂಬ ವಿಜ್ಞಾನಿಗಳು ಆ ದಶಕದ ಕೊನೆಗೆ ಲಸಿಕೆ ಸಿದ್ಧಮಾಡಿದರು. ಮತ್ತೆ ಬೇಟೆಯ ಬಾಗಿಲು. ಅತಕೂರಿನಲ್ಲಿ ಬೇಟೆನಾಯಿಗೆ ಕಲ್ಲು ಸಿಕ್ಕಿತು, ಇಂಗ್ಲೆಂಡಿನಲ್ಲಿ ಲಸಿಕೆ ಸಿಕ್ಕಿತು. ಬೀದಿನಾಯಿಗೂ ಅದೇ ಸೂಜಿ ಸಾಕು ಎಂದು ಗೊತ್ತಾಗಿದ್ದು ಆಮೇಲೆ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಬೆಂಗಳೂರಿನ ಬಾಡಿಗೆ ಕೋಣೆಯ ಮುಂದಿನ ಚರಂಡಿಯಲ್ಲಿ ಒಂದು ಮಳೆಗಾಲ ಕಪ್ಪು ಮರಿಯೊಂದು ಸಿಕ್ಕಿತು. ಕಾಳಿ ಎಂದೇ ಹೆಸರಿಟ್ಟೆ. ಸಂಶೋಧನಾ ವಿದ್ಯಾರ್ಥಿಯ ಹುಚ್ಚು. ಮೊಸರನ್ನ, ರಾಗಿ ಅಂಬಲಿ, ಮೊಟ್ಟೆ, ಎಲ್ಲ ಅಳೆದು ಹಾಕಿದೆ. ಜಂತುಹುಳದ ಔಷಧಿ ಕುಡಿಸಿದೆ. ಮೊದಲ ಸೂಜಿಯೂ ಆಯಿತು. ಮೂರು-ನಾಲ್ಕು ವಾರಕ್ಕೆ ಎರಡನೆಯದು ಹಾಕಿಸಬೇಕಿತ್ತು. ಆ ತಿಂಗಳು ಫೆಲೋಶಿಪ್ ಬಂದಿರಲಿಲ್ಲ. ಚೆನ್ನಾಗಿ ತಿನ್ನುತ್ತಿದೆ, ಕುಣಿಯುತ್ತಿದೆ, ಮುಂದಿನ ತಿಂಗಳು ನೋಡೋಣ ಅಂದುಕೊಂಡೆ.

ಪಾರ್ವೊ ಎಂಬ ವೈರಸ್ಸು ಜಗತ್ತಿನ ಕಣ್ಣಿಗೆ ಬಿದ್ದದ್ದು 1978ರಲ್ಲಿ. ಒಂದೆರಡು ವರ್ಷದೊಳಗೆ ಖಂಡಗಳನ್ನು ದಾಟಿತು. ಕಾಳಿಯ ವಂಶದ ಸಾವಿರಾರು ವರ್ಷದ ನೆನಪಿನಲ್ಲಿ ಇಲ್ಲದ ರೋಗ. ಒಂದು ಬೆಳಿಗ್ಗೆ ಅದು ಊಟ ಮೂಸಿ ಬಿಟ್ಟಿತು. ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಆ ವಾಸನೆ ಒಮ್ಮೆ ತಿಳಿದವರು ಮರೆಯುವುದಿಲ್ಲ. ಮೂರು ದಿನ ಡ್ರಿಪ್ ಹಾಕಿದರು. "ಊಟದಲ್ಲಿ ತಪ್ಪಿಲ್ಲಮ್ಮ," ಎಂದರು ಡಾಕ್ಟರು, ಬಯ್ಯದೆ. "ಸೂಜಿ ಪೂರ್ತಿ ಆಗಿರಲಿಲ್ಲ." ನಾಲ್ಕನೆಯ ದಿನ ಕಾಳಿ ಹೋಯಿತು. ಅದಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ.

ಅಜ್ಜಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮರಿಗಳೂ ಅಂಗೇ ಹೋಗವು ಕಣವ್ವ, ಒಂದು ಸೂಲಲ್ಲಿ ಒಂದೋ ಎರಡೋ ಉಳ್ಯವು. ಏನು ಅಂತ ಯಾರಿಗೆ ಗೊತ್ತಿತ್ತು" ಅಂದಳು. ಆಮೇಲೆ, "ನೀನು ಉಂಡ್ಯಾ?" ಅಂದಳು.

ಈಗ ಇನ್ನೊಂದಿದೆ. ಅದೂ ಬೀದಿಯದೇ, ಕಂದು ಬಣ್ಣ, ಹೆಸರು ಗೌರಿ. ಬೆಳಿಗ್ಗೆ ಸಂಜೆ ರಾಗಿ ಅಥವಾ ಅನ್ನ, ಅದರ ಜೊತೆ ಉಪ್ಪು-ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಕುಂಬಳಕಾಯಿ. ಕೈಯಲ್ಲಿ ಕಾಸಿದ್ದ ತಿಂಗಳು ಅಂಗಡಿಯ ಪೊಟ್ಟಣದ ಕಾಳನ್ನೂ ಬೆರೆಸುತ್ತೇನೆ. ಅದರಲ್ಲಿರುವ ಸುಣ್ಣದ ಅಂಶದ ಲೆಕ್ಕ ನನ್ನ ಅಡುಗೆಯಲ್ಲಿ ಇಲ್ಲ. ಮೊದಲ ಸಲ ಕರೆದುಕೊಂಡು ಹೋದಾಗ ಆಸ್ಪತ್ರೆಯ ಹುಡುಗ ಲಸಿಕೆ ಕಾರ್ಡು ತುಂಬುತ್ತ "ಬ್ರೀಡ್?" ಎಂದು ಕೇಳಿದ. "ನಮ್ಮದೇ, ಬೀದಿಯದು" ಅಂದೆ. ಅವನು 'ಎನ್.ಡಿ.' ಎಂದು ಬರೆದ. ನಾನ್ ಡಿಸ್ಕ್ರಿಪ್ಟ್: ವಿವರವಿಲ್ಲದ್ದು. ಸರ್ಕಾರಿ ದಾಖಲೆಗಳಲ್ಲೂ ನಾಡನಾಯಿಗೆ ಅದೇ ಹೆಸರು. ಪುಸ್ತಕದಲ್ಲಿ ಇಲ್ಲದ್ದಕ್ಕೆ ವಿವರವೇ ಇಲ್ಲ ಎಂದು ತೀರ್ಮಾನಿಸಿದ ಆ 1873ರ ಶಾಯಿ ಇನ್ನೂ ಆರಿಲ್ಲ.

ಅದರ ಕೆಳಗೆ ತಾರೀಕುಗಳ ಸಾಲು. ಏಳನೇ ವಾರ, ಹತ್ತನೇ ವಾರ, ಹದಿಮೂರು, ಹದಿನಾರು, ಮೂರು ತಿಂಗಳಿಗೆ ಹುಚ್ಚಿನದು. ಎಲ್ಲದರ ಮುಂದೆಯೂ ಸಹಿ ಬಿದ್ದಿದೆ. ಇನ್ನುಳಿದಿರುವುದು ವರ್ಷದ್ದು. ಕಾರ್ಡನ್ನು ಪ್ರಬಂಧದ ಕರಡಿನ ಒಳಗೆ, ಖಂಡುಗದ ಅಧ್ಯಾಯದಲ್ಲಿ ಇಟ್ಟಿದ್ದೇನೆ; ದಿನಾ ತೆರೆಯುವ ಪುಟ ಅದೊಂದೇ.